ಸ್ಪೇನಿನಲ್ಲಿ ನೆಲೆಸುವ ಆಸೆಯೇ? ಮೊದಲು ಅವರ ಗಡಿಯಾರ ತಿಳಿಯಿರಿ

ಮಧ್ಯಾಹ್ನ ಹನ್ನೆರಡೂವರೆಗೆ ಹಸಿದು ಹೋಟೆಲು ಹೊಕ್ಕರೆ ಸ್ಪೇನಿನಲ್ಲಿ ಊಟ ಸಿಗುವುದು ಕಷ್ಟ. ಒಂದೂವರೆಯ ಹೊತ್ತಿಗೆ ಮೇಜುಗಳಿಗೆ ಹಾಸು ಬೀಳುತ್ತದೆ. ಎರಡರ ಮೇಲೆ ಜನ ಬರುತ್ತಾರೆ, ಮೂರಕ್ಕೆ ಹೋಟೆಲು ತುಂಬಿರುತ್ತದೆ, ನಾಲ್ಕಾದರೂ ಏಳುವವರು ಕಡಿಮೆ. ರಾತ್ರಿ ಊಟ ಒಂಬತ್ತರ ನಂತರ; ಬೇಸಿಗೆಯಲ್ಲಿ ಹತ್ತೂ ಆದೀತು. ಸಂಜೆ ಆರೂವರೆಗೇ ಊಟ ಕೇಳುವವರನ್ನು ಕಂಡರೆ ಊರವರಿಗೆ ಕೂಡಲೇ ಗೊತ್ತಾಗುತ್ತದೆ, ಇವರು ಹೊರಗಿನವರು ಎಂದು.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಭೂಪಟದ ಲೆಕ್ಕದಲ್ಲಿ ಸ್ಪೇನಿನ ಗಡಿಯಾರ ಲಂಡನ್ನಿನ ಜೊತೆ, ಪೋರ್ಚುಗಲ್‌ನ ಜೊತೆ ನಡೆಯಬೇಕು. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋ ಅದನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ಹೊತ್ತಿಗೆ ಹೊಂದಿಸಿದ. ಎರಡನೇ ಮಹಾಯುದ್ಧ ಮುಗಿಯಿತು, ಫ್ರಾಂಕೋ ಸತ್ತ, ಗಡಿಯಾರ ಮಾತ್ರ ಹಿಂದಕ್ಕೆ ಬರಲೇ ಇಲ್ಲ. ಹಾಗಾಗಿ ಜೂನ್ ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಹೊಡೆಯಲು ಹತ್ತು ಹನ್ನೆರಡು ನಿಮಿಷವಷ್ಟೇ ಬಾಕಿ. ಜನ ತಡವಾಗಿ ಉಣ್ಣುವುದಕ್ಕೆ ಇದೊಂದೇ ಕಾರಣವಲ್ಲ. ಆದರೆ ಕೆಲಸ ಮುಗಿಸಿ ಹೊರಬಂದಾಗಲೂ ಬೀದಿಯಲ್ಲಿ ಮೂರು ನಾಲ್ಕು ತಾಸು ಬೆಳಕಿರುವ ದೇಶದಲ್ಲಿ ಸಂಜೆಗೆ ಬೇರೆಯದೇ ಬೆಲೆ ಬರುತ್ತದೆ. ಸ್ಪೇನಿನ ಬದುಕು ಹೊರಗಿನವರನ್ನು ಸೆಳೆಯುವುದು ಮುಖ್ಯವಾಗಿ ಈ ಸಂಜೆಯಿಂದ ಎಂಬುದು ನನ್ನ ನಂಬಿಕೆ.

ಬಂದು ನೆಲೆಸಿದವರು ಲಕ್ಷಗಟ್ಟಲೆ ಇದ್ದಾರೆ. ಬ್ರಿಟಿಷರು ಹೆಚ್ಚಾಗಿ ಅಲಿಕಾಂತೆ ಮತ್ತು ಮಾಲಗ ಪ್ರಾಂತ್ಯಗಳ ಕರಾವಳಿಯಲ್ಲಿದ್ದಾರೆ. ಜರ್ಮನ್ನರಿಗೆ ಮಯೋರ್ಕಾ ದ್ವೀಪ ಅಚ್ಚುಮೆಚ್ಚು. ಮಾಲಗ ಪಕ್ಕದ ಫ್ವೆಂಗಿರೋಲಾದಲ್ಲಿ ಫಿನ್‌ಲೆಂಡಿನವರ ದೊಡ್ಡ ಬಳಗವೇ ಇದೆ. ಇದು ಇಂದು ನಿನ್ನೆಯ ಮಾತಲ್ಲ. ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ 1929ರಲ್ಲಿ ಮಯೋರ್ಕಾದ ದೆಯಾ ಎಂಬ ಹಳ್ಳಿಗೆ ಬಂದವರು, ಅಂತರ್ಯುದ್ಧದ ವರ್ಷಗಳಲ್ಲಿ ಬಿಟ್ಟು ಹೋಗಿ ಮತ್ತೆ ಮರಳಿ, 1985ರಲ್ಲಿ ಅಲ್ಲೇ ಮಣ್ಣಾದರು. ಅವರಿಗಿಂತ ಮೊದಲೇ ಲೇಖಕ ಜೆರಾಲ್ಡ್ ಬ್ರೆನನ್ ಗ್ರನಾಡಾ ಪ್ರಾಂತ್ಯದ ಬೆಟ್ಟಸಾಲಿನ ಯೇಗೆನ್ ಎಂಬ ಹಳ್ಳಿಯಲ್ಲಿ ಮನೆ ಹಿಡಿದಿದ್ದರು. ಅಲ್ಪ ಆದಾಯದಲ್ಲಿ ಓದಿಕೊಂಡು ಬದುಕಬಹುದಾದ ಜಾಗವನ್ನು ಅವರು ಹುಡುಕುತ್ತಿದ್ದರು. ಕೈಯಲ್ಲಿ ಪಿಂಚಣಿ ಹಿಡಿದು ಬರುವ ಇಂದಿನವರ ಲೆಕ್ಕಾಚಾರವೂ ಬಹುಪಾಲು ಅದೇ.

ಬಿಸಿಲು, ಅಗ್ಗದ ಜೀವನ ಎಂಬ ಎರಡು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಬಿಸಿಲು ನಮ್ಮವರಿಗೆ ಹೊಸದೇನಲ್ಲ. ಅಗ್ಗವೂ ಈಗ ಅಷ್ಟು ನಿಜವಲ್ಲ. ಅದಕ್ಕಿಂತ ಗಟ್ಟಿಯಾದ ಕಾರಣ ಬೇರೆ ಇದೆ. ಹೊತ್ತನ್ನು ಹತ್ತು ಜನರ ನಡುವೆ, ಮನೆಯ ಹೊರಗೆ, ಹೆಚ್ಚು ದುಡ್ಡಿಲ್ಲದೆ ಕಳೆಯುವ ವ್ಯವಸ್ಥೆ ಆ ದೇಶದಲ್ಲಿ ಇನ್ನೂ ಉಳಿದಿದೆ.

ಮಧ್ಯಾಹ್ನದ ಊಟವನ್ನೇ ನೋಡಿ. ವಾರದ ದಿನಗಳಲ್ಲಿ ಬಹುತೇಕ ಹೋಟೆಲುಗಳ ಬಾಗಿಲಲ್ಲಿ ಕರಿಹಲಗೆ ನಿಂತಿರುತ್ತದೆ, ಅದರ ಮೇಲೆ ಸೀಮೆಸುಣ್ಣದಲ್ಲಿ 'ಮೆನು ದೆಲ್ ದಿಯಾ', ಅಂದರೆ ಆ ದಿನದ ಊಟ. ಮೊದಲ ತಟ್ಟೆಗೆ ಬೇಳೆ ಸಾರು, ಸಲಾಡ್, ತರಕಾರಿ ಇಂಥವುಗಳಲ್ಲಿ ಒಂದು. ಎರಡನೆಯದಕ್ಕೆ ಮೀನು ಅಥವಾ ಮಾಂಸ. ಜೊತೆಗೆ ಬ್ರೆಡ್ಡು, ಕುಡಿಯಲು ನೀರು ಅಥವಾ ವೈನ್, ಕೊನೆಗೆ ಸಿಹಿ ಇಲ್ಲವೇ ಕಾಫಿ. ಎಲ್ಲ ಸೇರಿ ಸಾಮಾನ್ಯ ಹೋಟೆಲಿನಲ್ಲಿ 12ರಿಂದ 16 ಯೂರೋ. 1960ರ ದಶಕದಲ್ಲಿ ಪ್ರವಾಸಿಗಳಿಗೆ ನಿಗದಿತ ಬೆಲೆಯ ಊಟ ಕೊಡಬೇಕೆಂದು ಸರ್ಕಾರ ಮಾಡಿದ ಕಟ್ಟಳೆಯಿಂದ ಬೆಳೆದ ಪದ್ಧತಿ ಇದು. ಈಗ ಇದನ್ನು ಉಣ್ಣುವವರು ಹೆಚ್ಚಾಗಿ ಪಕ್ಕದ ಬ್ಯಾಂಕಿನ ಗುಮಾಸ್ತರು, ಗಾರೆ ಕೆಲಸದವರು, ಒಂಟಿ ಮುದುಕರು. ಗಾರೆಯವನೂ ವಕೀಲನೂ ಅಕ್ಕಪಕ್ಕದ ಮೇಜಿನಲ್ಲಿ ಅದೇ ಬೇಳೆ ಸಾರು ಉಣ್ಣುತ್ತಾರೆ. ತಟ್ಟೆ ಖಾಲಿಯಾದ ಮೇಲೆ ಬಿಲ್ಲು ತಾನಾಗಿ ಬರುವುದಿಲ್ಲ, ನೀವೇ ಕೇಳಬೇಕು. ಗಿರಾಕಿಯನ್ನು ಎಬ್ಬಿಸುವುದು ಅಲ್ಲಿ ಮರ್ಯಾದೆಯಲ್ಲ. ಉಂಡ ಮೇಲೆ ಕೂತು ಹರಟುವ ಹೊತ್ತು ಊಟದ್ದೇ ಒಂದು ಭಾಗ.

ಇನ್ನು ಸಂಜೆ. ಮಧ್ಯಮ ಗಾತ್ರದ ಯಾವುದೇ ಊರಿನ ಚೌಕಕ್ಕೆ ಜುಲೈ ತಿಂಗಳ ರಾತ್ರಿ ಹತ್ತಕ್ಕೆ ಹೋಗಿ ನಿಲ್ಲಿ. ಕಲ್ಲುಬೆಂಚಿನ ಮೇಲೆ ಅಜ್ಜಂದಿರು ಸಾಲಾಗಿ ಕೂತಿರುತ್ತಾರೆ. ಬಾರಿನವನು ಹೊರಗೆ ಹಾಕಿದ ಮೇಜುಗಳಲ್ಲಿ ಸಂಸಾರಗಳು. ಮೇಜುಗಳ ನಡುವೆ ಚೆಂಡು ಒದೆಯುವ ಮಕ್ಕಳನ್ನು ಯಾರೂ ಗದರುವುದಿಲ್ಲ. ತಳ್ಳುಗಾಡಿಯಲ್ಲಿ ಕೂಸು ನಿದ್ದೆ ಹೋಗಿರುತ್ತದೆ. ಒಂದು ಲೋಟ ಬಿಯರ್ ಅಥವಾ ನಿಂಬೆ ಪಾನೀಯ ಇಟ್ಟುಕೊಂಡು ಎರಡು ತಾಸು ಕೂತರೂ ಏಕೆಂದು ಕೇಳುವವರಿಲ್ಲ. ಗ್ರನಾಡಾದಲ್ಲಿ ಪ್ರತಿ ಪಾನೀಯದ ಜೊತೆ ಒಂದು ಚಿಕ್ಕ ತಟ್ಟೆ ತಿನಿಸು, ಅಂದರೆ ತಾಪಾ, ಪುಕ್ಕಟೆಯಾಗಿ ಬರುತ್ತದೆ. ನಮ್ಮ ಹಳ್ಳಿಮನೆಗಳ ಜಗಲಿಗೆ ಇದ್ದ ಕೆಲಸ ಅಲ್ಲಿ ಈ ಚೌಕಗಳದ್ದು, ಮನೆ ಬಾಗಿಲಿನ ಕುರ್ಚಿಗಳದ್ದು. ಕಾದಿಸ್ ಪ್ರಾಂತ್ಯದ ಅಲ್ಗಾರ್ ಎಂಬ ಪುಟ್ಟ ಊರು, ಬೇಸಿಗೆ ರಾತ್ರಿ ಬೀದಿಗೆ ಕುರ್ಚಿ ಹಾಕಿಕೊಂಡು ಮಾತಾಡುವ ತನ್ನ ರೂಢಿಯನ್ನು ಯುನೆಸ್ಕೋ ಪರಂಪರೆ ಎಂದು ಗುರುತಿಸಬೇಕೆಂದು 2021ರಲ್ಲಿ ಬೇಡಿಕೆ ಇಟ್ಟಿತ್ತು. ಟಿವಿ ಮತ್ತು ಮೊಬೈಲು ಆ ಕುರ್ಚಿಗಳನ್ನು ಒಂದೊಂದಾಗಿ ಒಳಗೆ ಒಯ್ಯುತ್ತಿವೆ ಎಂಬ ಅಳುಕು ಅದರ ಹಿಂದಿತ್ತು. ನನಗೆ ಆ ಬೇಡಿಕೆ ಪೂರ್ತಿ ನ್ಯಾಯ ಎನಿಸುತ್ತದೆ.

ಸಿಯೆಸ್ತಾ ಎಂಬ ಮಧ್ಯಾಹ್ನದ ನಿದ್ದೆಯ ಬಗ್ಗೆ ಎರಡೇ ಮಾತು. ಮಧ್ಯಾಹ್ನ ದೇಶವೆಲ್ಲ ಮಲಗುತ್ತದೆ ಎನ್ನುವುದು ಸುಳ್ಳು. ಸಣ್ಣ ಊರುಗಳ ಅಂಗಡಿಗಳು ಎರಡರಿಂದ ಐದರವರೆಗೆ ಮುಚ್ಚುವುದು ನಿಜ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ ಇರುವುದೂ ನಿಜ. ಆಗಸ್ಟಿನಲ್ಲಿ ಕಚೇರಿ, ದವಾಖಾನೆ, ಬೇಕರಿ ಎಲ್ಲ ಕಡೆ ಅರ್ಧ ಜನ ರಜೆಯಲ್ಲಿರುತ್ತಾರೆ, ಅವಸರದ ಕೆಲಸವನ್ನು ಆ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಕೆಲಸಗಾರರಿಗೆ ವರ್ಷಕ್ಕೆ ಕನಿಷ್ಠ 30 ದಿನ ಸಂಬಳದ ರಜೆ, ಅದರ ಮೇಲೆ 14 ಸಾರ್ವತ್ರಿಕ ರಜೆಗಳು ಕಾನೂನಿನಲ್ಲೇ ಇವೆ.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಬಚ್ಚಿಟ್ಟು ಬರೆಯುವುದು ತಪ್ಪು. ಸ್ಪೇನಿನಲ್ಲಿ ನಿರುದ್ಯೋಗ ಶೇ 10ರ ಆಸುಪಾಸಿನಲ್ಲಿದೆ. ಇಪ್ಪತ್ತೈದರೊಳಗಿನ ಯುವಕರಲ್ಲಂತೂ ಅದರ ಎರಡು ಪಟ್ಟಿಗಿಂತ ಹೆಚ್ಚು. ಜರ್ಮನಿ, ನೆದರ್‌ಲೆಂಡ್ಸ್‌ಗೆ ಹೋಲಿಸಿದರೆ ಸಂಬಳ ಕಡಿಮೆ. ಮ್ಯಾಡ್ರಿಡ್, ಬಾರ್ಸೆಲೋನಾ, ಮಾಲಗ, ಪಾಲ್ಮಾ ನಗರಗಳ ಮನೆ ಬಾಡಿಗೆ ಅಲ್ಲಿನವರ ಕೈಗೇ ಎಟುಕುತ್ತಿಲ್ಲ. ಹೊರದೇಶದ ಸಂಬಳ ತಂದು ಮನೆ ಹಿಡಿಯುವವರು, ಮನೆಗಳನ್ನು ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡುವವರು ಹೆಚ್ಚಿದಂತೆ, ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವರು ಊರಾಚೆಗೆ ಸರಿಯಬೇಕಾಗಿದೆ. 2024ರ ಏಪ್ರಿಲ್‌ನಲ್ಲಿ ಕ್ಯಾನರಿ ದ್ವೀಪಗಳಲ್ಲಿ ಜನ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಜುಲೈನಲ್ಲಿ ಬಾರ್ಸೆಲೋನಾದಲ್ಲಿ ಪ್ರತಿಭಟನಕಾರರು ಹೊರಗೆ ಕೂತು ಉಣ್ಣುತ್ತಿದ್ದ ಪ್ರವಾಸಿಗಳ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದ್ದು ಜಗತ್ತಿನ ಸುದ್ದಿಯಾಯಿತು. 2028ರ ನವೆಂಬರ್ ವೇಳೆಗೆ ಹತ್ತು ಸಾವಿರದಷ್ಟು ಪ್ರವಾಸಿ ಮನೆಗಳ ಪರವಾನಗಿಯನ್ನು ನಿಲ್ಲಿಸುವುದಾಗಿ ಆ ನಗರ ಘೋಷಿಸಿದೆ. 5 ಲಕ್ಷ ಯೂರೋ ಮೌಲ್ಯದ ಮನೆ ಕೊಂಡವರಿಗೆ ಸಿಗುತ್ತಿದ್ದ 'ಗೋಲ್ಡನ್ ವೀಸಾ'ವನ್ನು 2025ರ ಏಪ್ರಿಲ್ 3ರಿಂದ ಸರ್ಕಾರ ರದ್ದು ಮಾಡಿದೆ. ಮನೆ ಕೊಂಡರೆ ಅಲ್ಲಿ ಇರಬಹುದು ಎಂದು ಇಂದಿಗೂ ಹೇಳುವ ಏಜೆಂಟರಿದ್ದರೆ ಅವರ ಮಾತು ನಂಬಬೇಡಿ.

ಹಾಗಾದರೆ ಯಾವ ಊರು? ಕರಾವಳಿಯಲ್ಲಿ ಹೊರಗಿನವರಿಗೆಂದೇ ಕಟ್ಟಿದ ಬಡಾವಣೆಗಳಿವೆ. ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ಈಜುಕೊಳ ಇರುತ್ತದೆ, ಆದರೆ ಮೇಲೆ ಹೇಳಿದ ಚೌಕ ಇರುವುದಿಲ್ಲ. ಸ್ಪೇನಿನ ಬದುಕು ಬೇಕೆಂದು ಹೋಗಿ ಅಲ್ಲಿ ಮನೆ ಮಾಡಿದರೆ ಹೋದದ್ದೇ ವ್ಯರ್ಥ. ಸರಗೋಸಾ, ಗಿಹೋನ್, ಗ್ರನಾಡಾ, ಲೋಗ್ರೋನ್ಯೋ, ವೀಗೋ ಮುಂತಾದ ನಡುವಣ ಗಾತ್ರದ ಊರುಗಳನ್ನು ನೋಡಿ. ವಲೆನ್ಸಿಯಾ ಈಗ ದುಬಾರಿಯಾಗುತ್ತಿದ್ದರೂ ನೋಡಲೇಬೇಕಾದ ನಗರ. 1957ರ ಪ್ರವಾಹದ ನಂತರ ಅಲ್ಲಿ ತುರಿಯಾ ನದಿಯನ್ನು ಊರ ಹೊರಗೆ ತಿರುಗಿಸಿ, ಹಳೆಯ ಪಾತ್ರದಲ್ಲಿ ಹೆದ್ದಾರಿ ಬೇಡವೆಂದು ಜನ ಪಟ್ಟು ಹಿಡಿದು ಮೈಲುಗಟ್ಟಲೆ ಉದ್ದದ ಉದ್ಯಾನ ಮಾಡಿಸಿಕೊಂಡರು. ಅದೇ ಊರಿನ ಪ್ರಧಾನ ಚರ್ಚಿನ ಬಾಗಿಲಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ರೈತರ ನೀರಿನ ಪಂಚಾಯಿತಿ ಸೇರುತ್ತದೆ. ಕಾಲುವೆ ನೀರಿನ ತಕರಾರುಗಳನ್ನು ಬಾಯಿಮಾತಿನಲ್ಲೇ ಕೇಳಿ ತೀರ್ಪು ಕೊಡುತ್ತಾರೆ. ನೀರಿನ ಜಗಳ ಬಲ್ಲ ನಮ್ಮಂಥವರು ಹೋದಾಗ ತಪ್ಪದೆ ನೋಡಬೇಕು.

ಉತ್ತರದ ಗಲೀಸಿಯಾ, ಅಸ್ತೂರಿಯಾಸ್‌ನಲ್ಲಿ ಮಳೆ, ಹಸಿರು. ದಕ್ಷಿಣದ ಸೆವಿಲ್ಲಾ, ಕೋರ್ದೊಬಾದಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಭಾಷೆಯನ್ನೂ ಮರೆಯಬೇಡಿ. ಕ್ಯಾಟಲೋನಿಯಾದ ಸರ್ಕಾರಿ ಶಾಲೆಗಳಲ್ಲಿ ಮುಖ್ಯವಾಗಿ ಕ್ಯಾಟಲಾನ್ ಮಾಧ್ಯಮ, ಗಲೀಸಿಯಾದಲ್ಲಿ ಗಲೀಸಿಯನ್, ಬಾಸ್ಕ್ ನಾಡಿನಲ್ಲಿ ಬಾಸ್ಕ್ ಭಾಷೆಗೂ ಅಧಿಕೃತ ಸ್ಥಾನವಿದೆ. ಮಕ್ಕಳಿರುವವರು ಊರು ಆರಿಸುವಾಗಲೇ ಇದನ್ನು ಯೋಚಿಸಬೇಕು. ಆರರಿಂದ ಹದಿನಾರು ವಯಸ್ಸಿನವರೆಗೆ ಶಾಲೆ ಕಡ್ಡಾಯ, ಸರ್ಕಾರಿ ಶಾಲೆಗೆ ಶುಲ್ಕವಿಲ್ಲ.

ಕಾಗದಪತ್ರದ ದಾರಿ

ಪ್ರವಾಸಿ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅದಕ್ಕಿಂತ ಹೆಚ್ಚು ಇರಲು, ಅಲ್ಲಿ ನೌಕರಿ ಸಿಕ್ಕಿದವರನ್ನೂ ವಿದ್ಯಾರ್ಥಿಗಳನ್ನೂ ಬಿಟ್ಟರೆ, ನಮ್ಮವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, ದುಡಿಯದೆ ಸ್ವಂತ ಆದಾಯದಲ್ಲಿ ಬದುಕುವವರ ವೀಸಾ. ಪಿಂಚಣಿ, ಬಾಡಿಗೆ, ಠೇವಣಿ ಬಡ್ಡಿ ಇರುವವರಿಗೆ ಇದು ಹೊಂದುತ್ತದೆ. ಐಪ್ರೆಮ್ ಎಂಬ ಸರ್ಕಾರಿ ಸೂಚ್ಯಂಕದ ನಾಲ್ಕು ಪಟ್ಟು ಆದಾಯ ತೋರಿಸಬೇಕು. ಐಪ್ರೆಮ್ ತಿಂಗಳಿಗೆ 600 ಯೂರೋ ಇರುವ ಲೆಕ್ಕದಲ್ಲಿ ಅದು 2,400 ಯೂರೋ, ವರ್ಷಕ್ಕೆ 28,800. ಜೊತೆಗೆ ಬರುವ ಪ್ರತಿಯೊಬ್ಬರಿಗೂ ತಿಂಗಳಿಗೆ ಇನ್ನೂ 600. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಬೆಂಗಳೂರಿನ ಕಂಪನಿಗೆ ಮನೆಯಿಂದ ಲ್ಯಾಪ್‌ಟಾಪಿನಲ್ಲಿ ದುಡಿಯುತ್ತೇನೆ ಎಂದರೂ ಅದು ಕೆಲಸವೇ.

ಎರಡು, 2022ರ ಕೊನೆಯ ಸ್ಟಾರ್ಟ್‌ಅಪ್ ಕಾನೂನಿನಿಂದ ಬಂದ ಡಿಜಿಟಲ್ ನೊಮಾಡ್ ವೀಸಾ. ಹೊರದೇಶದ ಕಂಪನಿಗೆ ಅಥವಾ ಗಿರಾಕಿಗಳಿಗೆ ದೂರದಿಂದ ಕೆಲಸ ಮಾಡುವವರಿಗೆ ಇದು. ಸ್ಪೇನಿನ ಕನಿಷ್ಠ ವೇತನದ ಎರಡು ಪಟ್ಟು ಆದಾಯ ಬೇಕು. ಕನಿಷ್ಠ ವೇತನ ವರ್ಷವರ್ಷ ಏರುವುದರಿಂದ ಅರ್ಜಿ ಹಾಕುವ ದಿನದ ಮೊತ್ತ ನೋಡಿಕೊಳ್ಳಿ. ಪದವಿ ಅಥವಾ ಮೂರು ವರ್ಷದ ಅನುಭವ ಇರಬೇಕು. ಸಂಬಳದಾರರಿಗೆ ಸಾಮಾಜಿಕ ಭದ್ರತೆಯ ದಾಖಲೆ ಕೇಳುತ್ತಾರೆ, ಬಹಳ ಅರ್ಜಿಗಳು ಎಡವುವುದು ಇಲ್ಲೇ. ಕೆಲಸ ಕೊಟ್ಟ ಕಂಪನಿಯ ಎಚ್‌ಆರ್ ವಿಭಾಗದ ಜೊತೆ ಎಲ್ಲಕ್ಕಿಂತ ಮೊದಲು ಮಾತಾಡಿ.

ಎರಡಕ್ಕೂ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ, ಸಂಸಾರಸಮೇತ ಹೋಗುವವರಿಗೆ ಮದುವೆ ಮತ್ತು ಜನನ ಪ್ರಮಾಣಪತ್ರ, ಸ್ಪೇನಿನಲ್ಲಿ ಮಾನ್ಯವಾದ ಆರೋಗ್ಯ ವಿಮೆ ಬೇಕು. ಭಾರತದ ದಾಖಲೆಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಹಾಕಿಸಿ, ಆಮೇಲೆ ಸ್ಪೇನ್ ಸರ್ಕಾರ ಮಾನ್ಯ ಮಾಡಿದ ಅನುವಾದಕರಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡಿಸಿ. ಈ ಕ್ರಮ ತಪ್ಪಿದರೆ ಮುದ್ರೆಯ ಅನುವಾದಕ್ಕೆ ಮತ್ತೆ ದುಡ್ಡು ಕಟ್ಟಬೇಕಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಪೆದ್ರೊ ಸಾಂಚೆಸ್ ಭಾರತಕ್ಕೆ ಬಂದಾಗ ಬೆಂಗಳೂರಿನಲ್ಲಿ ಸ್ಪೇನಿನ ಕಾನ್ಸುಲೇಟ್, ಬಾರ್ಸೆಲೋನಾದಲ್ಲಿ ಭಾರತದ ಕಾನ್ಸುಲೇಟ್ ತೆರೆಯುವ ಮಾತು ಅಧಿಕೃತವಾಗಿ ಹೊರಬಿತ್ತು. ಕರ್ನಾಟಕದವರ ಅರ್ಜಿ ಯಾವ ಕಚೇರಿಗೆ ಸಲ್ಲಬೇಕು ಎಂಬುದನ್ನು ಅರ್ಜಿಗೆ ಮುನ್ನ ವಿಚಾರಿಸಿ.

ಹೆಸರಿನ ವಿಷಯದಲ್ಲಿ ಕನ್ನಡಿಗರು ವಿಶೇಷ ಎಚ್ಚರ ವಹಿಸಬೇಕು. ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು, ಒಂದು ತಂದೆಯದು, ಒಂದು ತಾಯಿಯದು. ಮದುವೆಯಾದ ಹೆಂಗಸರೂ ಹೆಸರು ಬದಲಿಸುವುದಿಲ್ಲ. ಫಾರ್ಮುಗಳಲ್ಲೆಲ್ಲ ಎರಡು ಕಲಮು ಇರುತ್ತದೆ. ನಮ್ಮಲ್ಲಿ ಹಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ, ಇಲ್ಲವೇ ಒಂದೇ ಅಕ್ಷರದ ಇನಿಷಿಯಲ್ಲು. ಬ್ಯಾಂಕಿನಲ್ಲಿ ಒಂದು ರೀತಿ, ಗುರುತಿನ ಚೀಟಿಯಲ್ಲಿ ಇನ್ನೊಂದು ರೀತಿ ಹೆಸರು ಬಿದ್ದರೆ ಸರಿಪಡಿಸುವುದಕ್ಕೆ ತಿಂಗಳುಗಟ್ಟಲೆ ಅಲೆಯಬೇಕು. ಹೊರಡುವ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲನ್ನು ಬಿಡಿಸಿ ಪೂರ್ತಿ ಹೆಸರು ಬರೆಸಿ, ಪದವಿ ಪತ್ರ, ಮದುವೆ ಪತ್ರಗಳಲ್ಲೂ ಅದೇ ಇರಲಿ.

ಅಲ್ಲಿ ಇಳಿದ ಮೇಲೆ ಮೂರು ಕೆಲಸ. ಬಾಡಿಗೆ ಕರಾರುಪತ್ರ ಹಿಡಿದು ಊರಿನ ಪುರಸಭೆಯಲ್ಲಿ ನಿವಾಸಿ ಎಂದು ಹೆಸರು ಬರೆಸುವುದು. ಇದನ್ನು ಪದ್ರೋನ್ ಎನ್ನುತ್ತಾರೆ. ಶಾಲೆ, ಆಸ್ಪತ್ರೆ ಎಲ್ಲಕ್ಕೂ ಇದು ಬುಡ. ಎನ್‌ಐಇ ಎಂಬ ವಿದೇಶಿಯರ ಗುರುತಿನ ಸಂಖ್ಯೆ, ಅದಿಲ್ಲದೆ ತೆರಿಗೆಯೂ ಇಲ್ಲ, ಮನೆ ಖರೀದಿಯೂ ಇಲ್ಲ. ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಇದ್ದರೆ ಬಂದ ಒಂದು ತಿಂಗಳೊಳಗೆ ಟಿಐಇ ಎಂಬ ಕಾರ್ಡಿಗೆ ಬೆರಳಚ್ಚು ಕೊಡಬೇಕು. ಎಲ್ಲಕ್ಕೂ ಇಂಟರ್ನೆಟ್ಟಿನಲ್ಲಿ ಮುಂಗಡ ಸಮಯ ಪಡೆಯಬೇಕು, ದೊಡ್ಡ ನಗರಗಳಲ್ಲಿ ಅದು ಸಿಗುವುದೇ ಹರಸಾಹಸ. ಬೆಳಿಗ್ಗೆ ಬೇಗ ಪ್ರಯತ್ನಿಸಿ, ಅಕ್ಕಪಕ್ಕದ ಸಣ್ಣ ಊರುಗಳ ಕಚೇರಿಗಳನ್ನೂ ನೋಡಿ. ಸರ್ಕಾರದ ಈ ಸಮಯ ಪುಕ್ಕಟೆ. ಅದನ್ನು ಮಾರುವ ದಲ್ಲಾಳಿಗಳಿಗೆ ದುಡ್ಡು ಕೊಡಬೇಡಿ. ಕೆಲಸ ಜಟಿಲವಾದರೆ ಪ್ರತಿ ಊರಿನಲ್ಲೂ ಹೆಸ್ತೋರ್ ಎಂಬ ಕಾಗದಪತ್ರ ಮಾಡಿಕೊಡುವ ವೃತ್ತಿಯವರಿದ್ದಾರೆ. ಅವರಿಗೆ ಕೊಟ್ಟ ಶುಲ್ಕ ದಂಡವಲ್ಲ.

ತೆರಿಗೆಯ ಬಗ್ಗೆ ಒಂದು ಎಚ್ಚರಿಕೆ. ಕ್ಯಾಲೆಂಡರ್ ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ ನೀವು ಸ್ಪೇನಿನ ತೆರಿಗೆದಾರರು, ಜಗತ್ತಿನ ಯಾವ ಮೂಲೆಯ ಆದಾಯವನ್ನೂ ತೋರಿಸಬೇಕು. ಹೊರದೇಶದಲ್ಲಿರುವ ಬ್ಯಾಂಕ್ ಖಾತೆ, ಷೇರು, ಮನೆ ಸೈಟು, ಈ ಮೂರು ಬಗೆಗಳಲ್ಲಿ ಯಾವುದೇ ಒಂದು 50,000 ಯೂರೋ ದಾಟಿದರೆ ಮರುವರ್ಷದ ಮಾರ್ಚ್ 31ರೊಳಗೆ ಮೊದೆಲೊ 720 ಎಂಬ ಘೋಷಣೆ ಸಲ್ಲಿಸಬೇಕು. ಬೆಂಗಳೂರಿನ ಒಂದು ಸಾಧಾರಣ ಫ್ಲಾಟು ಈ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಭಾರತ-ಸ್ಪೇನ್ ನಡುವೆ ಎರಡು ಬಾರಿ ತೆರಿಗೆ ತಪ್ಪಿಸುವ ಒಪ್ಪಂದವಿದೆ, ಆದರೆ ಅದು ಘೋಷಣೆಯಿಂದ ವಿನಾಯಿತಿ ಕೊಡುವುದಿಲ್ಲ. ಭಾರತದಲ್ಲಿರುವ ಉಳಿತಾಯ ಖಾತೆಗಳನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸುವುದನ್ನೂ ಮರೆಯಬೇಡಿ.

ಮನೆ, ಚಳಿ, ಸಸ್ಯಾಹಾರ

ಬಾಡಿಗೆಗೆ ಕಾನೂನಿನ ಪ್ರಕಾರ ಒಂದು ತಿಂಗಳ ಠೇವಣಿ, ಅದರ ಮೇಲೆ ಹೆಚ್ಚೆಂದರೆ ಎರಡು ತಿಂಗಳ ಹೆಚ್ಚುವರಿ ಭದ್ರತೆ ಕೇಳಬಹುದು. ಸ್ಥಿರವಾಸದ ಕರಾರಾದರೆ ಬಾಡಿಗೆದಾರ ಬಯಸಿದಲ್ಲಿ ಐದು ವರ್ಷ ಉಳಿಯುವ ಹಕ್ಕಿದೆ. ಇದನ್ನು ತಪ್ಪಿಸಲು ಹಲವು ಮಾಲೀಕರು ಹನ್ನೊಂದು ತಿಂಗಳ 'ಋತುಮಾನ' ಕರಾರು ಮಾಡುತ್ತಾರೆ, ಸಹಿಗೆ ಮುನ್ನ ಓದಿಸಿ. ಕಣ್ಣಾರೆ ನೋಡದ ಮನೆಗೆ ಒಂದು ಯೂರೋವನ್ನೂ ಮುಂಗಡ ಕಳಿಸಬೇಡಿ.

ದಕ್ಷಿಣದ ಮನೆಗಳನ್ನು ಸೆಕೆಗೆಂದು ಕಟ್ಟಿರುತ್ತಾರೆ. ನೆಲಕ್ಕೆ ಟೈಲ್ಸು, ದಪ್ಪ ಗೋಡೆ, ಕಿಟಕಿಗೆ ಮೇಲಿನಿಂದ ಇಳಿಬಿಡುವ ಪಟ್ಟಿಪರದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಆ ಪರದೆ ಪೂರ್ತಿ ಇಳಿಸಿ, ಬಿಸಿಲು ಇಳಿದ ಮೇಲೆ ಏರಿಸುತ್ತಾರೆ. ನೀವೂ ಹಾಗೇ ಮಾಡಿ. ಆದರೆ ಜನವರಿಯಲ್ಲಿ ಅದೇ ಮನೆ ಕೊರೆಯುತ್ತದೆ. ಮನೆ ನೋಡುವಾಗ ಬಿಸಿಗಾಳಿಯ ವ್ಯವಸ್ಥೆ ಏನಿದೆ ಎಂದು ಕೇಳಲೇಬೇಕು.

ಸಸ್ಯಾಹಾರಿಗಳಿಗೆ ಮೊದಲ ವಾರ ಕಷ್ಟ. ಮಾಂಸವಿಲ್ಲದ್ದು ಕೊಡಿ ಎಂದರೆ ಟ್ಯೂನಾ ಮೀನು ಅಥವಾ ಹಂದಿಯ ಹಾಮ್ ಚೂರು ಉದುರಿಸಿದ ಸಲಾಡ್ ಬರಬಹುದು. ಬೇಳೆ ಸಾರಿನಲ್ಲೂ ಚೊರೀಸೋ ಎಂಬ ಮಾಂಸದ ತುಂಡು ಬಿದ್ದಿರುತ್ತದೆ. ಮಾಂಸ, ಮೀನು, ಹಾಮ್ ಮೂರೂ ಬೇಡ ಎಂದು ಬಿಡಿಸಿ ಹೇಳಿ. ಆಮೇಲೆ ದಾರಿ ತೆರೆಯುತ್ತದೆ. ಸೆವಿಲ್ಲಾದಲ್ಲಿ ಪಾಲಕ್-ಕಡಲೆಯ ಪಲ್ಯ, ಕೋರ್ದೊಬಾದಲ್ಲಿ ಜೇನು ಸುರಿದ ಬದನೆ ಪೋಡಿ, ಗಲೀಸಿಯಾದಲ್ಲಿ ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ಪದ್ರೋನ್ ಮೆಣಸಿನಕಾಯಿ, ಎಲ್ಲ ಕಡೆ ಟೊಮೆಟೊ ತಿಕ್ಕಿದ ಬ್ರೆಡ್ಡು, ತಣ್ಣನೆಯ ಗಸ್ಪಾಚೊ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ತೊರ್ತಿಯ್ಯಾ ಇದ್ದರೆ ಇನ್ನೇನೂ ಬೇಡ. ಮನೆಯಡುಗೆಗೆ ಬೇಳೆ, ಮಸಾಲೆ, ಅಕ್ಕಿ ಮ್ಯಾಡ್ರಿಡ್‌ನ ಲಾವಪಿಯೆಸ್, ಬಾರ್ಸೆಲೋನಾದ ರವಾಲ್ ಕೇರಿಗಳ ಅಂಗಡಿಗಳಲ್ಲಿ ಸಿಗುತ್ತವೆ. ಕ್ಯಾನರಿ ದ್ವೀಪಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಸಿಂಧಿ ವ್ಯಾಪಾರಿಗಳಿದ್ದಾರೆ, ಬಾರ್ಸೆಲೋನಾ ಸುತ್ತ ಪಂಜಾಬಿಗಳು ಹೆಚ್ಚು. ನಮ್ಮ ಗಡಿಯಾಚೆಯ ಅನಂತಪುರದ ಹೆಸರು ಕೇಳಿದರೆ ಸ್ಪೇನಿನ ಬಹಳ ಜನ ಕಣ್ಣರಳಿಸುತ್ತಾರೆ. ಬಾರ್ಸೆಲೋನಾದಲ್ಲಿ ಹುಟ್ಟಿದ ವಿಸೆಂತೆ ಫೆರರ್ ಅನಂತಪುರದಲ್ಲಿ ಕಟ್ಟಿದ ಸೇವಾ ಸಂಸ್ಥೆಗೆ ದಶಕಗಳಿಂದ ತಿಂಗಳುತಿಂಗಳು ಹಣ ಕಳಿಸುವ ಸಾಮಾನ್ಯ ಮನೆಗಳು ಆ ದೇಶದ ತುಂಬ ಇವೆ.

ಲಿಫ್ಟು ಹತ್ತಿದಾಗ, ಅಂಗಡಿ ಹೊಕ್ಕಾಗ, ಆಸ್ಪತ್ರೆಯಲ್ಲಿ ಸರದಿ ಕಾಯಲು ಕೂತಾಗ ಅಲ್ಲಿದ್ದವರಿಗೆಲ್ಲ 'ಬ್ವೆನಾಸ್', ಅಂದರೆ ನಮಸ್ಕಾರ, ಅನ್ನಿ. ಇಷ್ಟು ಮಾಡದವರನ್ನು ಊರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ದಿನವೂ ಅದೇ ಬಾರ್‌ಗೆ, ಅದೇ ಹೊತ್ತಿಗೆ ಹೋಗಿ. ಬಾರಿನವನಿಗೆ ನಿಮ್ಮ ಕಾಫಿ ಹೇಗಿರಬೇಕೆಂದು ತಿಳಿದ ಮೇಲೆ ಪಕ್ಕದ ಮೇಜಿನವರು ತಾವಾಗಿ ಮಾತಾಡಿಸುತ್ತಾರೆ.

ಅಲ್ಲಿ ಐದು ವರ್ಷ ಕಳೆದರೆ ದೀರ್ಘಾವಧಿ ನಿವಾಸದ ಹಕ್ಕು ಕೇಳಬಹುದು. ಪೌರತ್ವಕ್ಕೆ ಲ್ಯಾಟಿನ್ ಅಮೆರಿಕದವರಿಗೆ ಎರಡು ವರ್ಷ ಸಾಕು, ಭಾರತೀಯರಿಗೆ ಹತ್ತು. ಅದಕ್ಕೆ ಎ-2 ಮಟ್ಟದ ಸ್ಪ್ಯಾನಿಷ್ ಪರೀಕ್ಷೆಯಲ್ಲೂ ದೇಶದ ಸಂವಿಧಾನ-ಸಮಾಜದ ಬಗೆಗಿನ ಪರೀಕ್ಷೆಯಲ್ಲೂ ಪಾಸಾಗಬೇಕು. ಭಾರತ ಇಬ್ಬಗೆ ಪೌರತ್ವ ಒಪ್ಪದ ಕಾರಣ ಆಗ ನಮ್ಮ ಪಾಸ್‌ಪೋರ್ಟನ್ನು ಬಿಟ್ಟುಕೊಡಬೇಕಾಗುತ್ತದೆ.

ಮನಸ್ಸು ಮಾಡಿದವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರವಾಸಿಗಳು ತುಂಬಿದ ಜುಲೈನಲ್ಲಿ ಊರು ನೋಡಿ ತೀರ್ಮಾನ ಮಾಡಬೇಡಿ. ಜನವರಿ ಅಥವಾ ಫೆಬ್ರವರಿಯಲ್ಲಿ, ನೆಲೆಸಬೇಕೆಂದಿರುವ ಊರಿನಲ್ಲೇ, ಸಾಧಾರಣ ಬಾಡಿಗೆ ಮನೆಯಲ್ಲಿ ಕೆಲವು ವಾರ ಇದ್ದು ನೋಡಿ. ಅದಕ್ಕೂ ಮೊದಲು, ಇಲ್ಲೇ, ಈ ತಿಂಗಳೇ ಒಂದು ಸ್ಪ್ಯಾನಿಷ್ ತರಗತಿಗೆ ಸೇರಿಕೊಳ್ಳಿ.